ಮುಂಡರಗಿ ಸೀಮೆಯ ನೀರು ಮತ್ತು ನಡಿಗೆ

ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ ಭಾಗದ ಹಲವು ಊರುಗಳಲ್ಲಿ ಅಂತರ್ಜಲದ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿ ದಾಟುತ್ತದೆ. ನೆಲದಡಿಯ ಗ್ರಾನೈಟ್, ನೈಸ್ ಶಿಲೆಗಳ ಖನಿಜಗಳಿಂದ ಅದು ನೀರಿಗೆ ಸೇರುತ್ತದೆ.

ಕೊಳವೆಬಾವಿ ಬರುವ ಮೊದಲು ಇಲ್ಲಿನವರು ಕೆರೆ, ಹೊಂಡ, ತೆರೆದ ಬಾವಿಗಳ ನೀರು ಕುಡಿಯುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಅಂಥ ನೀರಿನಿಂದ ನಾರುಹುಣ್ಣು ಹರಡುತ್ತಿತ್ತು. ಹುಣ್ಣಾದವನು ವಾರಗಟ್ಟಲೆ ಕುಂಟುತ್ತಿದ್ದ. ಆದರೆ ಹುಣ್ಣಿನಿಂದ ನಾರಿನಂಥ ಹುಳು ಕಣ್ಣೆದುರಿಗೇ ಹೊರಬರುತ್ತಿದ್ದುದರಿಂದ ಅವನನ್ನು ಮೈಗಳ್ಳ ಎನ್ನುವಂತಿರಲಿಲ್ಲ. 1983ರ ನಂತರ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೂ ಬೋರು ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡರು. ಶುದ್ಧ ನೀರಿನ ಇಂಥ ಯತ್ನಗಳ ನೆರವಿನಿಂದ ನಾರುಹುಣ್ಣು ಅಳಿಯಿತು. 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಬೋರಿನ ತಿಳಿನೀರಿನಲ್ಲಿ ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಗುರುತು ಸಿಗದ ಫ್ಲೋರೈಡ್ ಮಾತ್ರ ಉಳಿಯಿತು.

ಇದರ ಬಾಧೆ ವರ್ಷಗಳಲ್ಲಿ ಮೈಗೂಡುತ್ತದೆ. ಎಲುಬು ದಪ್ಪವಾಗಿ, ಅಸ್ಥಿಬಂಧಗಳು ಸುಣ್ಣಗಟ್ಟುತ್ತವೆ. ಕತ್ತು ತಿರುಗದು, ಪಕ್ಕದವರನ್ನು ನೋಡಲು ಇಡೀ ಮೈಯನ್ನೇ ತಿರುಗಿಸಬೇಕು. ಬೆನ್ನು ಬಾಗುತ್ತದೆ, ಕೆಲವರಿಗೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದು ಕಾಲು ಸೆಟೆಯುತ್ತದೆ. ನೋಡುವವರಿಗೆ ಹುಳುವಿನಂಥ ಸಾಕ್ಷಿ ಸಿಗದ ಕಡೆ ಊಹೆ ಹುಟ್ಟುತ್ತದೆ. ನಲವತ್ತರವರನ್ನು ಮುದುಕರೆಂದು, ಬಾಗಿ ಕಳೆ ತೆಗೆಯಲಾರದವರನ್ನು ಸೋಮಾರಿಗಳೆಂದು, ಕತ್ತು ಹೊರಳಿಸದವರನ್ನು ಬಿಗುಮಾನದವರೆಂದು ತಿಳಿಯುವುದು ಸುಲಭ. ಹಲ್ಲಿನ ಕಂದು ಪಟ್ಟೆಗೂ ತಂಬಾಕಿನ ಅಥವಾ ಹಲ್ಲುಜ್ಜದ ಅಪವಾದ ತಗಲುತ್ತದೆ. ಇಂಥ ಸೀಮೆಗಳಲ್ಲಿ ಹೆಣ್ಣು-ಗಂಡು ನೋಡುವಾಗಲೂ ಅದು ಅಡ್ಡಬರುತ್ತದೆ.

ಹಲ್ಲಿನ ಕಲೆ, ಎಲುಬಿನ ಬಿಗಿತ ಈ ಎರಡೂ ಒಟ್ಟಿಗೇ ಇರಬೇಕೆಂದಿಲ್ಲ. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಎಳೆವಯಸ್ಸಿನಲ್ಲಿ ಮಾತ್ರ ಕಲೆ ಮೂಡುತ್ತದೆ. ಎಲುಬಿಗೆ ಅಂಥ ವಯಸ್ಸಿನ ಕಟ್ಟಿಲ್ಲ. ಹೀಗಾಗಿ ಸಿಹಿನೀರಿನ ಊರಿನಿಂದ ಬಂದ ಸೊಸೆಯ ಹಲ್ಲು ಬೆಳ್ಳಗೇ ಉಳಿದು, ವರ್ಷಗಳ ಮೇಲೆ ಸೊಂಟ ಬಿಗಿಯಬಹುದು. ಹೊರಗುರುತಿಲ್ಲದ ಅವಳ ನೋವನ್ನು ನಂಬಿಸುವುದೇ ಹೆಚ್ಚು ಕಷ್ಟ.

ಭಾರತದಲ್ಲಿ ಫ್ಲೋರೋಸಿಸ್ ಎಂಬ ಈ ರೋಗದ ವೈದ್ಯಕೀಯ ವಿವರಣೆ 1937ರಲ್ಲೇ ನೆಲ್ಲೂರು ಜಿಲ್ಲೆಯಿಂದ ಪ್ರಕಟವಾಗಿತ್ತು. ಬೋರು ಕೊರೆಯುವ ಅವಸರದಲ್ಲಿ ಆ ಎಚ್ಚರಿಕೆಗೆ ಸಿಗಬೇಕಾದ ಗಮನ ಸಿಗಲಿಲ್ಲ. ರಾಷ್ಟ್ರೀಯ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 2008-09ರಲ್ಲಿ. ಗದಗದ ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ 2013-18ರ ಅವಧಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ರಾಜ್ಯದ ಹಳ್ಳಿಗಳಿಗೆ ಹಬ್ಬಿದವು. ಘಟಕದ ನೀರು ಕುಡಿದು ಬೆಳೆಯುವ ಮಕ್ಕಳ ಹಲ್ಲಿಗೆ ಕಲೆ ಹತ್ತುವುದು ತಪ್ಪುತ್ತದೆ. ಸೆಟೆದ ಬೆನ್ನನ್ನು ಮೊದಲಿನಂತೆ ಮಾಡುವ ಔಷಧಿಯಿಲ್ಲ.