ತಿದ್ದಲು ಬರುವ ಪಾಠ: ಕನ್ನಡ ಮಾಧ್ಯಮದಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಆಯ್ಕೆ

ಕನ್ನಡದಲ್ಲಿ ಪಾಠಸಾಮಗ್ರಿ ಅಂತರ್ಜಾಲದಲ್ಲಿ ಸಿಗುವುದೇ ಇಲ್ಲ ಎಂಬ ದೂರು ಈಗ ಅರ್ಧ ಮಾತ್ರ ನಿಜ. ಸಿಗುತ್ತದೆ; ಆದರೆ ಸಿಕ್ಕಿದ್ದು ಇದ್ದ ಹಾಗೆಯೇ ತರಗತಿಗೆ ಒಗ್ಗುವುದು ಅಪರೂಪ. ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರು 2002ರ ಯುನೆಸ್ಕೊ ಸಭೆಯಲ್ಲಿ ಹುಟ್ಟಿದ ಮೇಲೆ, ಅವನ್ನು ಆರಿಸುವುದಕ್ಕೆ ಮಾನದಂಡಗಳ ಪಟ್ಟಿಗಳೂ ಸಾಕಷ್ಟು ಬಂದಿವೆ. ನಿಖರತೆ, ಪಠ್ಯಕ್ರಮಕ್ಕೆ ಹೊಂದಿಕೆ, ಅಚ್ಚುಕಟ್ಟು ಮುಂತಾದವನ್ನು ಅಳೆಯುವ ಈ ಪಟ್ಟಿಗಳು ಒಂದೇ ಘಟಕಕ್ಕೆ ಹತ್ತಾರು ಸಾಮಗ್ರಿ ದೊರೆಯುವ ಇಂಗ್ಲಿಷಿಗೆ ಸರಿ. ಕನ್ನಡದಲ್ಲಿ ಎರಡು ಸಿಕ್ಕರೆ ಹೆಚ್ಚು. ಹೀಗಿರುವಾಗ ಸಾಮಗ್ರಿ ಎಷ್ಟು ಚೆನ್ನಾಗಿದೆ ಎನ್ನುವುದಕ್ಕಿಂತ ಅದನ್ನು ತಿದ್ದಿಕೊಳ್ಳಲು ಬರುತ್ತದೆಯೇ ಎಂಬುದನ್ನೇ ಮೊದಲು ನೋಡಬೇಕು ಎಂಬುದು ಈ ಲೇಖನದ ವಾದ.

ಮೊದಲ ಅಡ್ಡಿ ಕಾನೂನಿನದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಬೋಧನೆಯ ಸಂದರ್ಭದಲ್ಲಿ ಶಿಕ್ಷಕರೂ ವಿದ್ಯಾರ್ಥಿಗಳೂ ಕೃತಿಯನ್ನು ನಕಲು ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ಆದ್ದರಿಂದ ತರಗತಿಯೊಳಗೆ ತೊಡಕು ಕಡಿಮೆ. ತಿದ್ದಿದ ಹಾಳೆಯನ್ನು ತಾಲ್ಲೂಕಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದಾಗ, ಪುಸ್ತಿಕೆ ಮಾಡಿ ಹಂಚಿದಾಗ ಪರವಾನಗಿಯ ಪ್ರಶ್ನೆ ಏಳುತ್ತದೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು 2002ರ ಡಿಸೆಂಬರಿನಿಂದ ಬಳಕೆಯಲ್ಲಿವೆ. ಅವುಗಳಲ್ಲಿ ‘ಎನ್‌ಡಿ’ ಗುರುತು ಇರುವ ಸಾಮಗ್ರಿಯನ್ನು ಮಾರ್ಪಡಿಸಿ ಹಂಚುವಂತಿಲ್ಲ, ಅನುವಾದವೂ ಮಾರ್ಪಾಟೇ. ಬಿಟ್ಟಿಯಾಗಿ ಸಿಕ್ಕರೂ ಕನ್ನಡ ಶಿಕ್ಷಕರ ಪಾಲಿಗೆ ಅದು ಬೀಗ ಹಾಕಿದ ಮನೆ. ವಾಣಿಜ್ಯ ಬಳಕೆ ಸಲ್ಲದು ಎನ್ನುವ ‘ಎನ್‌ಸಿ’ಯ ತೊಂದರೆ ಬೇಗ ಕಣ್ಣಿಗೆ ಬೀಳುವುದಿಲ್ಲ. ವಿಕಿಪೀಡಿಯದ ಬರಹ ‘ಬೈ-ಎಸ್‌ಎ’ ಪರವಾನಗಿಯದು, ಅಂದರೆ ಮೂಲದ ಹೆಸರು ಹೇಳಿ, ಮಾರ್ಪಡಿಸಿದ್ದನ್ನೂ ಅದೇ ಪರವಾನಗಿಯಲ್ಲಿ ಹಂಚಬೇಕು. ‘ಬೈ-ಎನ್‌ಸಿ-ಎಸ್‌ಎ’ ಪರವಾನಗಿಯ ಪಾಠವನ್ನು ಅದರೊಂದಿಗೆ ಬೆರೆಸಿ ಒಂದೇ ಟಿಪ್ಪಣಿ ಮಾಡಿದರೆ ಎರಡು ಷರತ್ತುಗಳೂ ಒಟ್ಟಿಗೆ ನಡೆಯುವುದಿಲ್ಲ. ಒಂದೇ ಕಟ್ಟಿನಲ್ಲಿ ಬೇರೆ ಬೇರೆ ಹಾಳೆಗಳಾಗಿ ಇಟ್ಟರೆ ಅಡ್ಡಿಯಿಲ್ಲ.

ಎರಡನೆಯ ಅಡ್ಡಿ ಕಡತದ್ದು. ಇದರ ಬಗ್ಗೆ ಚರ್ಚೆ ನಡೆದಿರುವುದು ಕಡಿಮೆ, ತೊಂದರೆ ಮಾತ್ರ ಹೆಚ್ಚು. ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಜೋಡಿಸಿದ ಪಿಡಿಎಫ್‌ಗಳು ಪರದೆಯ ಮೇಲೆ ಶುದ್ಧ ಕನ್ನಡವಾಗಿಯೇ ಕಾಣುತ್ತವೆ. ಒಂದು ಸಾಲು ನಕಲಿಸಿ ಅಂಟಿಸಿದರೆ ಬಣ್ಣ ಬಯಲು: ರೋಮನ್ ಅಕ್ಷರಗಳ ಸಾಲು, ‘ನ’ ಇರಬೇಕಾದಲ್ಲಿ ಪೌಂಡಿನ ಚಿಹ್ನೆ. ಯುನಿಕೋಡ್‌ನಲ್ಲಿ ಹುಡುಕುವವರಿಗೆ ಇಂಥ ಕಡತದೊಳಗಿನ ಒಂದು ಪದವೂ ಸಿಕ್ಕುವುದಿಲ್ಲ. ಸಾಮಗ್ರಿ ಇದ್ದೂ ಇಲ್ಲವೆನಿಸುವುದಕ್ಕೆ ಇದೊಂದು ದೊಡ್ಡ ಕಾರಣ. ಪರಿವರ್ತಕಗಳಿವೆ, ಆದರೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಮತ್ತೆ ಕಣ್ಣಿಟ್ಟು ನೋಡಲೇಬೇಕು.

ಚಿತ್ರಗಳ ವಿಷಯದಲ್ಲಿ ಇದೇ ಭೇದ ಇನ್ನೂ ಸ್ಪಷ್ಟ. ಹೃದಯದ ಚಿತ್ರವೊಂದು ಜೆಪಿಜಿಯಾಗಿದ್ದರೆ ಹೆಸರುಗಳನ್ನು ಅಳಿಸಿ, ಮೇಲೆ ಬಿಳಿ ಪಟ್ಟಿ ಹಾಕಿ ಬರೆಯಬೇಕು. ವಿಕಿಮೀಡಿಯ ಕಾಮನ್ಸ್‌ನಲ್ಲಿ ಅದೇ ಚಿತ್ರ ಎಸ್‌ವಿಜಿ ರೂಪದಲ್ಲಿದ್ದು, ಹೆಸರುಗಳು ಅಕ್ಷರಗಳಾಗಿಯೇ ಉಳಿದಿದ್ದರೆ, ಇಂಕ್‌ಸ್ಕೇಪ್‌ನಲ್ಲಿ ತೆರೆದು ‘ಹೃತ್ಕರ್ಣ’, ‘ಹೃತ್ಕುಕ್ಷಿ’ ಎಂದು ಟೈಪು ಮಾಡಿದರೆ ಮುಗಿಯಿತು. ಚಂದದ ಜೆಪಿಜಿಗಿಂತ ಸಾಧಾರಣವಾದ ಎಸ್‌ವಿಜಿಯೇ ನನ್ನ ಆಯ್ಕೆ.

ಪಾರಿಭಾಷಿಕ ಪದಗಳಿಂದ ಆಗುವ ಗೊಂದಲವೂ ತಿದ್ದುವ ಅಗತ್ಯಕ್ಕೇ ತಂದು ನಿಲ್ಲಿಸುತ್ತದೆ. ವಿದ್ಯುತ್ತಿನ ಪಾಠದಲ್ಲಿ ಒಬ್ಬರು ‘ರೋಧ’ ಎಂದರೆ ಇನ್ನೊಬ್ಬರು ‘ಪ್ರತಿರೋಧ’ ಎನ್ನುತ್ತಾರೆ. ದೊಡ್ಡವರಿಗೆ ಇದು ಲೆಕ್ಕಕ್ಕಿಲ್ಲ, ಪರೀಕ್ಷೆ ಬರೆಯುವ ಹತ್ತನೇ ತರಗತಿಯ ಮಗುವಿಗೆ ಲೆಕ್ಕಕ್ಕಿದೆ. ಹುಡುಕುವಾಗಲೂ ಪಠ್ಯಪುಸ್ತಕದ ಪದ, ಅದರ ಪರ್ಯಾಯ, ಇಂಗ್ಲಿಷ್ ಹೆಸರು ಮೂರನ್ನೂ ಹಾಕಿ ನೋಡುವುದು ಒಳ್ಳೆಯದು.

ಈ ಅಳತೆಗೋಲು ಹಿಡಿದರೆ ಆಕರಗಳ ಸ್ಥಾನಗಳೂ ಬದಲಾಗುತ್ತವೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನ ಕಥೆಗಳು ‘ಸಿಸಿ-ಬೈ’ ಪರವಾನಗಿಯವು. ಅಲ್ಲಿಯೇ ಅನುವಾದಿಸಬಹುದು, ಓದುವ ಮಟ್ಟಕ್ಕೆ ತಕ್ಕಂತೆ ವಾಕ್ಯಗಳನ್ನು ಸರಳಗೊಳಿಸಬಹುದು. ಕನ್ನಡ ಅನುವಾದಗಳ ಗುಣಮಟ್ಟ ಏರುಪೇರಾಗಿದೆ, ನಿಜ. ಆದರೆ ಎಡವಟ್ಟು ವಾಕ್ಯ ಕಂಡ ಶಿಕ್ಷಕಿ ಅದನ್ನು ಸರಿಪಡಿಸಿದ ಇನ್ನೊಂದು ಪ್ರತಿಯನ್ನು ತಾನೇ ಮಾಡಿಕೊಳ್ಳಬಲ್ಲಳು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ (ಡಿಎಸ್‌ಇಆರ್‌ಟಿ) ಜೊತೆಗೂಡಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವೂ ವಿಕಿ ರೂಪದ್ದು, ಶಿಕ್ಷಕರೇ ಬರೆದು ತಿದ್ದುವುದಕ್ಕಾಗಿ ಹುಟ್ಟಿದ್ದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಬರಹಗಳು ಮುಕ್ತ ಪರವಾನಗಿಯಡಿ ವಿಕಿಸೋರ್ಸ್ ಸೇರಿವೆ. ಅಲ್ಲಿನ ಜನಸಂಖ್ಯೆಯ ಅಂಕಿಗಳು ಹಳತಾಗಿವೆ, ಗದ್ಯ ಮಾತ್ರ ಇಂದಿಗೂ ಗಟ್ಟಿ. ಅಂಕಿ ಬದಲಿಸಿ ಗದ್ಯ ಉಳಿಸಿಕೊಳ್ಳಬಹುದು. 2017ರಿಂದ ಇರುವ ದೀಕ್ಷಾ ವೇದಿಕೆ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ನೇರವಾಗಿ ಪಾಠಕ್ಕೆ ಕರೆದೊಯ್ಯುವುದರಿಂದ ಹುಡುಕುವ ಶ್ರಮ ಉಳಿಯುತ್ತದೆ. ಆದರೆ ಸಿದ್ಧ ವಿಡಿಯೊದಲ್ಲಿ ಒಂದು ಪದ ಬದಲಿಸುವುದೂ ಶಿಕ್ಷಕರ ಕೈಯಲ್ಲಿಲ್ಲ.

ವಿಚಿತ್ರವೆಂದರೆ, ಎಲ್ಲರೂ ಬಳಸುವ ರಾಜ್ಯದ ಪಠ್ಯಪುಸ್ತಕವೇ ಈ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತದೆ. ಪಿಡಿಎಫ್ ಉಚಿತ, ಹಕ್ಕು ಕಾಯ್ದಿರಿಸಿದ್ದು. ಸಾರ್ವಜನಿಕ ಹಣದಿಂದ ತಯಾರಾದ ಸಾಮಗ್ರಿಗೆ ಮುಕ್ತ ಪರವಾನಗಿ ಕೊಡುವುದನ್ನು ಯುನೆಸ್ಕೊದ 2019ರ ಶಿಫಾರಸು ಪ್ರೋತ್ಸಾಹಿಸುತ್ತದೆ. ಪಠ್ಯಪುಸ್ತಕದ ಚಿತ್ರಗಳನ್ನು ಎಸ್‌ವಿಜಿಯಲ್ಲಿ, ಬರಹವನ್ನು ಯುನಿಕೋಡ್‌ನಲ್ಲಿ, ‘ಬೈ-ಎಸ್‌ಎ’ ಅಡಿ ಬಿಡುಗಡೆ ಮಾಡಿದರೆ, ಪಾರಿಭಾಷಿಕ ಪದಗಳ ಗೊಂದಲ ಅರ್ಧದಷ್ಟಾದರೂ ಅಲ್ಲಿಯೇ ನಿಂತೀತು.