ಹುಣ್ಣಿಮೆಯೇ ಕರಪತ್ರ

ನಮ್ಮ ತಾತ ಒಂದು ಹಸು ಮಾರಿ ಅರ್ಜುನನಾಗಿದ್ದರು. ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಕುರುಕ್ಷೇತ್ರ ಆಡಿಸುವುದೆಂದರೆ ಹಾಗೆಯೇ. ಪಾತ್ರ ಬೇಕಾದವರು ದುಡ್ಡು ಕಟ್ಟಬೇಕು. ಕೃಷ್ಣನಿಗೆ ಎಲ್ಲರಿಗಿಂತ ಹೆಚ್ಚು, ಆಮೇಲೆ ದುರ್ಯೋಧನ, ಆಮೇಲೆ ಅರ್ಜುನ, ಭೀಮ. ಆ ದುಡ್ಡಿನಲ್ಲಿ ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿಯ ಬಾಡಿಗೆ, ಕಿರೀಟ, ಗದೆ ಎಲ್ಲ ಬರುತ್ತಿದ್ದವು. ಮನೆಮಾತು ತೆಲುಗು, ಆದ್ದರಿಂದ ಪದ್ಯಗಳೂ ತೆಲುಗಿನವೇ. ಆ ನಾಟಕದ ಬಗ್ಗೆ ಕೇಳಿದಾಗಲೆಲ್ಲ ನಮ್ಮಜ್ಜಿ ಒಂದೇ ಮಾತು ಹೇಳುತ್ತಿದ್ದರು: "ನಿಮ್ಮ ತಾತ ಒಂದು ರಾತ್ರಿ ಗಾಂಡೀವ ಹಿಡಿದರು, ನಾನು ಒಂದು ವರ್ಷ ಮಜ್ಜಿಗೆ ಕಾಣಲಿಲ್ಲ."

ಈ ಕತೆಯಲ್ಲಿ ಇನ್ನೊಬ್ಬರಿದ್ದಾರೆ, ಅವರನ್ನು ಅಜ್ಜಿ ಯಾವತ್ತೂ ನೆನೆಯಲಿಲ್ಲ. ನಾಟಕ ಇಂಥ ದಿನ ಎಂದು ಸುತ್ತಲ ಊರುಗಳಿಗೆ ತಮಟೆ ಬಡಿದು ಸಾರಿ ಬಂದವರು. ನಾಟಕದ ರಾತ್ರಿ ಅವರು ಜನರ ಹಿಂದೆ, ಹುಣಸೆಮರದಾಚೆ ಕುಳಿತು ನೋಡುತ್ತಿದ್ದರು. ಪಾತ್ರಕ್ಕೆ ದುಡ್ಡು ಕಟ್ಟುವ ಪ್ರಶ್ನೆಯೇ ಅವರಿಗೆ ಇರಲಿಲ್ಲ. ಕಟ್ಟಿದರೂ ತೆಗೆದುಕೊಳ್ಳುವವರು ಇರಲಿಲ್ಲ.

ನಮ್ಮ ಜಿಲ್ಲೆಯ ರಂಗಭೂಮಿಯ ಚರಿತ್ರೆ ಬರೆಯಲು ಕೂತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಹುಣಸೆಮರ. ನಾಟಕ ನಮಗೆ ಹೊಸದಲ್ಲ. ಬಯಲಾಟದ ಬಳಗಕ್ಕೆ ಸೇರಿದ ಕೇಳಿಕೆ ನಮ್ಮ ಸೀಮೆಯದೇ ಆಟ. ಹಾರ್ಮೋನಿಯಂ ನಾಟಕಗಳಿಗೂ ಬರವಿರಲಿಲ್ಲ. ಕೋಲಾರ ಪಟ್ಟಣದಲ್ಲಿ ಒಂದು ರಂಗಮಂದಿರವೂ ಇದೆ. ಸಂವಿಧಾನ ರಚನಾ ಸಭೆಯಲ್ಲಿ ಕೂತಿದ್ದ ನಮ್ಮ ಜಿಲ್ಲೆಯ ಟಿ. ಚನ್ನಯ್ಯನವರ ಹೆಸರು ಅದಕ್ಕಿದೆ. ಹಾಗಾದರೆ ಇಲ್ಲದೇ ಇದ್ದದ್ದು ಏನು?

ಸಣ್ಣ ಊರಿನ ರಂಗಭೂಮಿ ಎಂದಕೂಡಲೇ ಕನ್ನಡಿಗರ ಬಾಯಿಗೆ ಬರುವುದು ಹೆಗ್ಗೋಡು. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ 1949ರಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತು. ಕೆ.ವಿ. ಸುಬ್ಬಣ್ಣನವರ ಕೈಯಲ್ಲಿ ಅದು ನೀನಾಸಂ ಆಗಿ ಬೆಳೆಯಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಶುರುವಾದವು. ನಮ್ಮಲ್ಲೂ ಒಂದು ಹೆಗ್ಗೋಡು ಯಾಕಿಲ್ಲ ಎಂದು ಕಾಲೇಜು ದಿನಗಳಲ್ಲಿ ನಾವು ಕೊರಗಿದ್ದುಂಟು. ಆದರೆ ಹೆಗ್ಗೋಡು ಅಡಿಕೆಯ ಸೀಮೆ. ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ, ಕೆರೆ ಬತ್ತಿದರೆ ಕೊಳವೆಬಾವಿಯೇ ಗತಿ. ಇಲ್ಲಿ ಬೆಳೆದದ್ದೆಲ್ಲ ಬೆಂಗಳೂರಿಗೆ ಹೋಗುತ್ತದೆ, ಹಾಲು, ಟೊಮೆಟೊ, ಮಾವು ಎಲ್ಲವೂ. ಬರೆಯುವವರೂ ಅಷ್ಟೆ. ಮುಳಬಾಗಿಲಿನ ಡಿ.ವಿ.ಜಿ., ಮಾಲೂರು ತಾಲ್ಲೂಕಿನ ಮಾಸ್ತಿ, ಇಬ್ಬರೂ ಬಾಳಿ ಬರೆದದ್ದು ಬೆಂಗಳೂರಿನಲ್ಲಿ. ಊರಿನ ಹೆಸರು ಅವರ ಹೆಸರಿನ ಜೊತೆ ಉಳಿಯಿತು, ಅವರು ಊರಿನಲ್ಲಿ ಉಳಿಯಲಿಲ್ಲ.

ಕೋಲಾರದ ಹೊಸ ನಾಟಕದ ಬೇರು ಹುಡುಕಿದರೆ ಸಿಗುವುದು ಹಾಡು. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹಳ್ಳಿ ಹಳ್ಳಿಗೆ ಹೋದಾಗ ಭಾಷಣಕ್ಕಿಂತ ಮೊದಲು ಹೋದದ್ದು ಹಾಡು, ಹಾಡಿನ ಜೊತೆ ತಮಟೆ. 1975ರಲ್ಲಿ ಬೆಂಗಳೂರಿನಲ್ಲಿ ಸಮುದಾಯ ತಂಡ ಹುಟ್ಟಿತು, 1979ರಲ್ಲಿ ಅದು ನಾಡಿನುದ್ದಕ್ಕೂ ಜಾಥಾ ಹೊರಟಿತು. ಬಿಹಾರದ ಹಳ್ಳಿಯೊಂದರಲ್ಲಿ 1977ರಲ್ಲಿ ದಲಿತರನ್ನು ಸುಟ್ಟು ಕೊಂದದ್ದರ ಮೇಲೆ ಸಿಜಿಕೆ ಆಡಿಸಿದ 'ಬೆಲ್ಚಿ'ಯಂಥ ಬೀದಿನಾಟಕಗಳು ಸೀನರಿಯೂ ಕಿರೀಟವೂ ಇಲ್ಲದೆ ನಾಟಕವಾಗಬಹುದೆಂದು ತೋರಿಸಿದವು. ಸಾರಲು ಮಾತ್ರ ಬಳಕೆಯಾಗುತ್ತಿದ್ದ ತಮಟೆ ಈಗ ತಾನೇ ಮಾತಾಡಿತು. ನನ್ನ ಮಟ್ಟಿಗೆ ನಮ್ಮ ಜಿಲ್ಲೆಯ ರಂಗಚರಿತ್ರೆ ಹೊರಳಿದ್ದು ಅಲ್ಲಿಯೇ.

ಆ ಕಾಲದ ಹಾಡುಗಾರರಲ್ಲಿ ಒಬ್ಬರು ಕೋಟಿಗಾನಹಳ್ಳಿ ರಾಮಯ್ಯ. ಹೋರಾಟದ ಹಾಡು ಕಟ್ಟಿದವರು, ಮುಂದೆ 'ಕಾಗೆ ಕಣ್ಣು ಇರುವೆ ಬಲ', 'ನಾಯಿತಿಪ್ಪ'ದಂಥ ನಾಟಕಗಳನ್ನು ಬರೆದವರು. ಎಂಬತ್ತು ತೊಂಬತ್ತರ ಹೊತ್ತಿಗೆ ಚಳವಳಿ ಒಡೆದು ಹೋಳಾಯಿತು. 2000ದ ಮಾರ್ಚ್ 11ರಂದು ಆಗ ನಮ್ಮ ಜಿಲ್ಲೆಯಲ್ಲೇ ಇದ್ದ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಬಿಹಾರದ ಕತೆ ಎಂದು ನೋಡಿದ್ದು ಮನೆ ಬಾಗಿಲಿಗೇ ಬಂದಿತ್ತು. ಮರುವರ್ಷ, 2001ರ ಫೆಬ್ರವರಿಯಲ್ಲಿ, ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತು. ಇನ್ನು ಈ ಜಿಲ್ಲೆಯಲ್ಲಿ ಏನಿದೆ ಎಂದು ಹೊರಗಿನವರು ಕೇಳುತ್ತಿದ್ದ ಕಾಲ ಅದು. ನಾವೂ ಕೇಳಿಕೊಳ್ಳುತ್ತಿದ್ದೆವು.

ಅಂಥ ಹೊತ್ತಿನಲ್ಲಿ, 2005ರ ಆಸುಪಾಸಿನಲ್ಲಿ, ರಾಮಯ್ಯನವರೂ ಗೆಳೆಯರೂ ಸೇರಿ ಕೋಲಾರಕ್ಕೆ ಅಂಟಿಕೊಂಡಂತಿರುವ ತೇರಹಳ್ಳಿ ಬೆಟ್ಟದ ಮೇಲೆ, ಶಿವಗಂಗೆ ಎಂಬ ಪುಟ್ಟ ಊರಿನ ಬಳಿ 'ಆದಿಮ' ಕಟ್ಟಿದರು. ಕಟ್ಟಲು ಅವರಲ್ಲಿ ಇದ್ದದ್ದು ದಿನಕ್ಕೊಂದು ರೂಪಾಯಿ. ಗೆಳೆಯರು ದಿನಾ ಒಂದೊಂದು ರೂಪಾಯಿ ತೆಗೆದಿಟ್ಟು ಕೂಡಿಸಿದರು. ಲೆಕ್ಕ ಹಾಕಿ ನೋಡಿ. ಒಬ್ಬರಿಗೆ ವರ್ಷಕ್ಕೆ 365 ರೂಪಾಯಿ. ನೂರು ಜನ ಹೀಗೆ ಇಟ್ಟರೂ 36,500. ಆ ಕಾಲಕ್ಕೂ ದೊಡ್ಡ ಗಂಟೇನಲ್ಲ. ಆದರೆ ಆ ರೂಪಾಯಿ ಯಾರಿಗೂ ಪಾತ್ರ ಕೊಡಿಸುವುದಿಲ್ಲ, ಯಾರನ್ನೂ ಕೃಷ್ಣನನ್ನಾಗಿ ಮಾಡುವುದಿಲ್ಲ. ಹಸು ಮಾರಿದ ದುಡ್ಡಿಗೂ ಈ ರೂಪಾಯಿಗೂ ನನಗೆ ಕಾಣುವ ವ್ಯತ್ಯಾಸ ಅದು.

ಅಲ್ಲಿ ಶುರುವಾದದ್ದು 'ಹುಣ್ಣಿಮೆ ಹಾಡು'. ಪ್ರತಿ ಹುಣ್ಣಿಮೆಯ ರಾತ್ರಿ ಬೆಟ್ಟದ ಮೇಲೆ, ಬಯಲಿನಲ್ಲಿ, ಒಂದು ನಾಟಕವೋ ಹಾಡೋ ಕುಣಿತವೋ. ಹುಣ್ಣಿಮೆಯೇ ಯಾಕೆ ಎಂಬುದಕ್ಕೆ ಹಳ್ಳಿಯವರಿಗೆ ಉತ್ತರ ಬೇಕಿಲ್ಲ. ಕರೆಂಟು ಬರುವ ಮೊದಲು ರಾತ್ರಿ ಆಟ ನೋಡಿ ಮನೆ ಸೇರಲು ಇದ್ದ ದೀಪ ಅದೊಂದೇ. ಇನ್ನೊಂದು ಅನುಕೂಲವೂ ಇದೆ. ಹುಣ್ಣಿಮೆಗೆ ಕರಪತ್ರ ಹಂಚಬೇಕಿಲ್ಲ, ತಮಟೆ ಬಡಿದು ಸಾರಬೇಕಿಲ್ಲ. ಮಾಲೂರಿನ ಇಟ್ಟಿಗೆ ಗೂಡಿನ ಮುಂದೆ ನಿಂತವರಿಗೂ ಮುಳಬಾಗಿಲಿನ ಬಸ್‌ಸ್ಟ್ಯಾಂಡಿನಲ್ಲಿ ಕಾಯುವವರಿಗೂ ಅದು ಒಂದೇ ಹೊತ್ತಿಗೆ ಕಾಣುತ್ತದೆ.

ನಾನು ಮೊದಲ ಸಲ ಹೋದದ್ದು ಗೆಳೆಯನ ಬೈಕಿನಲ್ಲಿ. ಕೆಳಗೆ ಕೋಲಾರದ ದೀಪಗಳು, ಮೇಲೆ ಬಂಡೆಗಳ ಮೇಲೆ ಬೆಳದಿಂಗಳು. ನೆಲದ ಮೇಲೆ ಕುಳಿತವರಲ್ಲಿ ಬೆಂಗಳೂರಿನಿಂದ ಬಂದವರಿದ್ದರು, ಬೆಟ್ಟದ ಹಳ್ಳಿಗಳಿಂದ ಕಂಬಳಿ ಹೊದ್ದು ಬಂದ ಮುದುಕಿಯರಿದ್ದರು. ನಾಟಕ ಶುರುವಾಗುವ ಮೊದಲು ಹುಡುಗರು ತಮಟೆ ಹಿಡಿದು ನಡುವೆ ಬಂದರು. ನಾನು ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿ, ಮರದಾಚೆ ಯಾರು ಕುಳಿತಿದ್ದಾರೆ ಎಂದು ಹುಡುಕಿದೆ. ಅಲ್ಲಿ ಬೈಕುಗಳು ನಿಂತಿದ್ದವು, ಅಷ್ಟೆ. ಅವತ್ತಿನ ನಾಟಕದ ಮಾತುಗಳು ಈಗ ನೆನಪಿಲ್ಲ. ಆ ತಿರುಗಿ ನೋಡಿದ್ದು ಮಾತ್ರ ನೆನಪಿದೆ.

ಆಮೇಲೆ ಹುಣ್ಣಿಮೆಗಳು ನೂರು ದಾಟಿದವು. ಮಕ್ಕಳ ಶಿಬಿರಗಳು ನಡೆದವು, ಹೊರಗಿನ ತಂಡಗಳು ಬೆಟ್ಟ ಹತ್ತಿದವು. ಹಾಲಿನ ಲಾರಿಯ ಜೊತೆ ಬೆಂಗಳೂರಿಗೆ ಹೋಗುವುದೊಂದೇ ದಾರಿ ಎಂದಿದ್ದ ಜಿಲ್ಲೆಗೆ ಜನ ನಾಟಕ ನೋಡಲು ಅದೇ ದಾರಿಯಲ್ಲಿ ಎದುರು ಬಂದರು. ಈಗ ಯಾರಾದರೂ ನಮ್ಮಲ್ಲಿ ಇಲ್ಲದೇ ಇದ್ದದ್ದು ಏನು ಎಂದು ಕೇಳಿದರೆ ನಾನು ಹೇಳುವುದಿಷ್ಟು: ನಟರಿದ್ದರು, ಮಂದಿರವಿತ್ತು. ಎಲ್ಲರೂ ಒಟ್ಟಿಗೆ ಕೂರುವ ಒಂದು ದಿನ ಇರಲಿಲ್ಲ. ಆದಿಮ ಕಟ್ಟಡಕ್ಕಿಂತ ಮೊದಲು ಕಟ್ಟಿದ್ದು ಆ ದಿನವನ್ನು. ಕಟ್ಟಡಕ್ಕೆ ಸರ್ಕಾರದ ಅನುದಾನ ಸಿಗಬಹುದು. ನೋಡುವ ರೂಢಿಗೆ ಅನುದಾನವಿಲ್ಲ, ಅದನ್ನು ತಿಂಗಳು ತಿಂಗಳು ಬೆಟ್ಟ ಹತ್ತಿಯೇ ಬೆಳೆಸಬೇಕು.

ಹಾಗೆಂದು ಎಲ್ಲ ಸುಗಮ ಎಂದು ಬರೆದರೆ ಸುಳ್ಳಾಗುತ್ತದೆ. ಇಂಥ ಕೆಲಸ ಕೆಲವರ ಹೆಗಲ ಮೇಲೆ ನಿಂತಿರುತ್ತದೆ, ಆ ಹೆಗಲುಗಳಿಗೂ ವಯಸ್ಸಾಗುತ್ತದೆ. ನನ್ನನ್ನು ಬೈಕಿನಲ್ಲಿ ಕರೆದೊಯ್ದ ಗೆಳೆಯ ಈಗ ನರಸಾಪುರದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಮಾಲೂರು, ವೇಮಗಲ್ ಕಡೆಯ ಎಷ್ಟೋ ಹುಡುಗರ ಪಾಡೂ ಅದೇ. ಶಿಫ್ಟಿನ ಪಟ್ಟಿ ಹುಣ್ಣಿಮೆ ನೋಡಿ ಬರುವುದಿಲ್ಲ. ಹೋದ ಸಲ ಫೋನಿನಲ್ಲಿ ಕೇಳಿದೆ, "ಬರ್ತೀಯೇನೋ?" ಅವನು, "ನೈಟ್ ಶಿಫ್ಟು ಕಣೋ, ಗೇಟಿನ ಹತ್ರ ನಿಂತ್ರೆ ಚಂದ್ರ ಕಾಣ್ತಾನೆ" ಅಂದ.

ನಮ್ಮ ಹಳ್ಳಿಯ ಹುಣಸೆಮರ ಈಗಿಲ್ಲ, ರಸ್ತೆ ಅಗಲ ಮಾಡುವಾಗ ಕಡಿದರು. ಕುರುಕ್ಷೇತ್ರ ಆಗೊಮ್ಮೆ ಈಗೊಮ್ಮೆ ನಡೆಯುತ್ತದೆ, ಪಾತ್ರಗಳ ರೇಟು ಏರಿದೆ. ಎರಡು ವರ್ಷದ ಹಿಂದೆ, ಅಂದು ತಮಟೆ ಬಡಿದು ಸಾರುತ್ತಿದ್ದವರ ಮೊಮ್ಮಗ ಬಂದು ತನಗೂ ಒಂದು ಪಾತ್ರ ಬೇಕು ಎಂದು ಕೇಳಿದನಂತೆ. ಪಂಚಾಯಿತಿ ಕಟ್ಟೆಯಲ್ಲಿ ಬಹಳ ಹೊತ್ತು ಮಾತಾಯಿತಂತೆ. ಆ ವರ್ಷ ನಾಟಕವೇ ಆಡಲಿಲ್ಲ.