ಒಂದೇ ಮಾತಲ್ಲಿ ಎಲ್ಲರನ್ನೂ ಕೂಡಿ ಹಾಕಿದ ಕಾಲ

ವೀಕ್ಷಕರೇ, ಆಲಮೇಲದ ಕಡೆಯ ಒಂದು ಜಾತ್ರೆ ಅಂದ್ಕೊಳ್ಳಿ. ಹಲಗಿ ಬಾರಿಸ್ತಿದ್ದಾರೆ, ಪಟಾಕಿ ಸಿಡೀತಿದೆ. ಆರು ವರ್ಷದ ಹುಡುಗನೊಬ್ಬ ಎರಡೂ ಕಿವಿ ಮುಚ್ಕೊಂಡು ನೆಲಕ್ಕೆ ಬಿದ್ದು ಚೀರ್ತಾನೆ. ಸುತ್ತ ನಿಂತವರು ಏನಂತಾರೆ? "ಭಾಳ ಮುದ್ದು ಮಾಡಿ ಕೆಡಿಸ್ಯಾರ." ಇನ್ನೊಬ್ಬರು, "ಹುಚ್ಚು ಹಿಡದದ ಇವಂಗ." ತಾಯಿ ಮರುಮಾತಾಡದೆ ಮಗನನ್ನ ಎತ್ಕೊಂಡು ಮನೆ ದಾರಿ ಹಿಡೀತಾಳೆ.

ಆ "ಹುಚ್ಚು" ಅನ್ನೋ ಮಾತಿಗೆ ಒಂದು ಇತಿಹಾಸ ಇದೆ.

1956ರವರೆಗೆ ನಮ್ಮ ಬಿಜಾಪುರ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಈ ಸೀಮೆಯಲ್ಲಿ ಮನಸ್ಸಿನ ತೊಂದರೆ ಅಂದ್ರೆ ಧಾರವಾಡದ ಹೆಸರೇ ಬಾಯಿಗೆ ಬರ್ತಿತ್ತು. 1845ರಲ್ಲಿ ಹುಚ್ಚಾಸ್ಪತ್ರೆ ಅಂತ ಶುರುವಾದದ್ದು, ಇವತ್ತಿನ ಡಿಮ್ಹಾನ್ಸ್. ಆಲಮೇಲದಿಂದ 200 ಕಿ.ಮೀ.ಗೂ ಮಿಕ್ಕಿದ ದಾರಿ.

1912ರಲ್ಲಿ ಬ್ರಿಟಿಷರು ಲೂನಸಿ ಕಾಯ್ದೆ ತಂದರು. ಬುದ್ಧಿ ಬೆಳೆಯದವರು, ಮನಸ್ಸು ಕೆಟ್ಟವರು, ಇಬ್ಬರಿಗೂ ಅದರಲ್ಲಿ ಒಂದೇ ಹೆಸರು: ಲೂನಟಿಕ್. ಯಾರನ್ನ ಒಳಗಿಡಬೇಕು, ಅವರ ಆಸ್ತಿ ಯಾರು ನೋಡ್ಕೋಬೇಕು ಅನ್ನೋದೇ ಕಾಯ್ದೆಯ ಚಿಂತೆ. ಮಗುವಿಗೆ ಹೇಗೆ ಕಲಿಸಬೇಕು ಅನ್ನೋ ಪ್ರಶ್ನೆ ಅಲ್ಲಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ, 1987ರ ಕಾಯ್ದೆ ಅದರ ಜಾಗಕ್ಕೆ ಬರೋತನಕ ಇದೇ ನಡೀತು!

ಹೊರದೇಶದವರು ಬಹಳ ಮುಂದಿದ್ದರಾ? ಇಲ್ಲ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನ ಗಮನಿಸಿ ಆಟಿಸಂ ಬಗ್ಗೆ ಬರೆದರು. ಆಮೇಲೆ ಎಷ್ಟೋ ವರ್ಷ ಅಲ್ಲಿನ ತಜ್ಞರೂ ತಾಯಿಯನ್ನೇ ದೂರಿದರು. ಅವಳು ಪ್ರೀತಿ ತೋರಿಸಲಿಲ್ಲ, ಅದಕ್ಕೇ ಮಗು ಹೀಗಾಯ್ತು ಅಂದರು. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಪುಸ್ತಕ ಬರೆದು, ಇದು ಮೆದುಳಿನ ವಿಷಯ, ತಾಯಿಯ ತಪ್ಪಲ್ಲ ಅಂತ ವಾದಿಸಿದರು. ಅವರು ಮನಃಶಾಸ್ತ್ರಜ್ಞ, ಆಟಿಸಂ ಇದ್ದ ಮಗನ ತಂದೆ ಕೂಡ.

ನೋಡಿ, ಅಲ್ಲಿ ಪ್ರೀತಿ ಕಡಿಮೆಯಾಯ್ತು ಅಂದರು, ಇಲ್ಲಿ ಮುದ್ದು ಹೆಚ್ಚಾಯ್ತು ಅಂತೀವಿ. ಎರಡೂ ಕಡೆ ಕಟಕಟೆಯಲ್ಲಿ ನಿಂತವಳು ತಾಯಿ.

ನಮ್ಮ ದೇಶದ 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ನ್ಯೂನತೆ ಪಟ್ಟಿ ಮಾಡಿತು. ಅದರಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆ ಹೆಸರು ಹೇಳಿತು. 2016ರ ಕಾಯ್ದೆಯಲ್ಲಿ ಏಳು ಹೋಗಿ 21 ಆಯ್ತು. ಆಟಿಸಂ ಜೊತೆ ಕಲಿಕಾ ನ್ಯೂನತೆಯೂ ಸೇರಿತು. ಪಟ್ಟಿಯಲ್ಲಿ ಹೆಸರು ಬಂದ್ರೆ ಏನಾಗುತ್ತೆ ಅಂತೀರಾ? ಪ್ರಮಾಣಪತ್ರ ಸಿಗುತ್ತೆ. ಶಾಲೆ ಬಾಗಿಲು ಹಾಕೋ ಹಾಗಿಲ್ಲ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ದೊಡ್ಡವರಾದ ಮೇಲೆ, ಸರ್ಕಾರಿ ನೌಕರಿಯ ಶೇ. 4ರ ಮೀಸಲಾತಿಯಲ್ಲಿ ಇವರಿಗೂ ಪಾಲಿದೆ. ಯಾಕಂದ್ರೆ ಆ ಹುಡುಗ ಆರು ವರ್ಷದವನಾಗೇ ಉಳಿಯಲ್ಲ. ನಾಳೆ ಮೂವತ್ತು ವರ್ಷದವನಾಗ್ತಾನೆ. ಅಪ್ಪ ಅವ್ವ ಇಲ್ಲದ ದಿನವೂ ಬರುತ್ತೆ.

ಆಲಮೇಲ ಈಗ ತಾಲ್ಲೂಕು. ಕಾಗದದ ಮೇಲಿನ ಹಕ್ಕು ಇಲ್ಲಿಗೂ ಬಂದಿದೆ. ಆದರೆ ಜಾತ್ರೆಯಲ್ಲಿ ಕಾಯ್ದೆ ಬಂದು ಹಲಗಿ ನಿಲ್ಲಿಸಲ್ಲ. ಅದನ್ನ ನಾವೇ ಮಾಡಬೇಕು. ಎರಡು ನಿಮಿಷ ಸದ್ದು ಕಡಿಮೆ ಮಾಡಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಜಾಗ ಬಿಡಿ. ತಾಯಿಗೆ ಬುದ್ಧಿ ಹೇಳಬೇಡಿ, "ಯವ್ವಾ, ನೀರು ತರಲೇನು?" ಅಂತ ಕೇಳಿ. ನೂರು ವರ್ಷದ ಹಿಂದಿನ ಕಾಯ್ದೆ ಹೋಯ್ತು, ಅದರ ಮಾತು ನಮ್ಮ ಬಾಯಲ್ಲಿ ಇನ್ನೂ ಯಾಕಿರಬೇಕು?